ಸಲಾಕೆಗೆ ನೀರು

ನನ್ನ ಗಂಡನ ಅಣ್ಣ ಕರೆಂಟಿನ ಕೆಲಸ ಎಲ್ಲಿ ಕಲಿತನೋ ದೇವರೇ ಬಲ್ಲ. ಭಾವನಿಗೆ ಬಹುವಚನ ಕೊಡಬೇಕು, ಗೊತ್ತು, ನನ್ನ ಕೈಲಾಗದು. ಕಾಲುವೆ ನೀರು ಬಂದು ಶಹಾಪುರದ ಸುತ್ತಲಿನ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಕಾಲವದು. ನಮ್ಮ ಹಳ್ಳಿಯ ಮನೆಮನೆಗೂ ಮಿಕ್ಸಿ, ಫ್ಯಾನು ಬಂದವು. ನಮ್ಮ ಮನೆಗೂ ಬಂದವು, ಜೊತೆಗೆ ಭಾವನ ಕೈಚಳಕವೂ ಬಂತು. ಅಡುಗೆಮನೆಯ ಸಾಕೆಟ್ಟಿಗೆ ಪ್ಲಗ್ಗೇ ಇರಲಿಲ್ಲ. ತೂತಿನಲ್ಲಿ ಬೋಳು ವೈರು ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದ. ಸುತ್ತ ಮಸಿ, ಒಳಗೆ ಜಿರಲೆ, ಸದಾ ಕರಕಲು ನಾತ. ಮೂಗಿಗೆ ಸೆರಗು ಕಟ್ಟಿಕೊಂಡು ಅದರ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದೆ.

ಅದೂ ಹೋಗಲಿ. ಕರೆಂಟಿಗೆ ಬರುವ ದಾರಿ ಒಂದು, ತಿರುಗಿ ಹೋಗುವ ದಾರಿ ಒಂದು ಬೇಕು. ಒಮ್ಮೆ ಆ ಹೋಗುವ ವೈರು ಸುಟ್ಟುಹೋಯಿತು. ವೈರ್‌ಮನ್‌ನನ್ನು ಕರೆಸಿ ಅಂದರೆ ಭಾವ ನಕ್ಕುಬಿಟ್ಟ. ಹಿತ್ತಲಲ್ಲಿ ಒಂದು ಕಬ್ಬಿಣದ ಸಲಾಕೆ ಹೊಡೆದು, ವೈರಿನ ತುದಿಯನ್ನು ಅದಕ್ಕೆ ಕಟ್ಟಿದ.

"ಕಾಲುವಿ ಬಂದ ಮ್ಯಾಲ ನೆಲ ಹಸಿ ಅದ. ನೆಲಾನ ವೈರು. ಮತ್ತ್ಯಾಕ ಬ್ಯಾರೆ ವೈರು?"

ಬಲ್ಬು ಹತ್ತಿತು. ಓಣಿಯ ಮಂದಿ ಬಂದು ನೋಡಿ ಹೊಗಳಿದರು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗಾಯಿತು.

ಸಲಾಕೆಯ ಬುಡಕ್ಕೆ ನೀರು ಹಾಕಿದರೆ ಬೆಳಕು ಹೆಚ್ಚುತ್ತಿತ್ತು. ಆ ಕೆಲಸ ಅತ್ತೆಯ ಪಾಲಿಗೆ ಬಿತ್ತು. ದಿನಾ ಸಂಜೆ ತಾಮ್ರದ ತಂಬಿಗೆ ತುಂಬ ನೀರು. ನೀರು ಕುಡಿದು ಬೆಳಕು ಕೊಡುವುದು ಬರೀ ಕಬ್ಬಿಣ ಹೇಗಾದೀತು? ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದಳು, ಬರಿಗಾಲಲ್ಲಿ ಹೋಗತೊಡಗಿದಳು. ಭಾವ ಮಾತ್ರ ಅತ್ತ ಹೋದಾಗಲೆಲ್ಲ ರಬ್ಬರ್ ಚಪ್ಪಲಿ ಮೆಟ್ಟುತ್ತಿದ್ದ. ನಾನು ಅದನ್ನು ಶೋಕಿ ಅಂದುಕೊಂಡಿದ್ದೆ.

ಬೇಸಿಗೆಗೆ ಕಾಲುವೆ ನೀರು ನಿಂತಿತು. ಎರೆಮಣ್ಣು ಬಿರಿಯಿತು, ಬಲ್ಬು ಮಂಕಾಯಿತು. ಒಣಗಿದ ನೆಲ ಕರೆಂಟನ್ನು ನುಂಗಲಾರದೆ ಸಲಾಕೆಯಲ್ಲೇ ಉಳಿಸಿತ್ತು. ಅತ್ತೆ ಬಗ್ಗಿ ನೀರು ಹಾಕುವಾಗ ತಂಬಿಗೆ ಸಲಾಕೆಗೆ ತಾಗಿತು. ಅವಳು ಚೀರಿದ್ದು ಕೇಳಿ ನಾನು ಮೊದಲು ಮೇನ್ ಸ್ವಿಚ್ ಕೆಳಗೆಳೆದು, ಆಮೇಲೆ ಹಿತ್ತಲಿಗೆ ಓಡಿದೆ. ಅಂಗೈ ಸುಟ್ಟಿತ್ತು, ಜೀವ ಉಳಿದಿತ್ತು.

ಓಣಿಯ ಹೆಂಗಸರು ನೆರೆದರು. "ದೇವಿ ಸಿಟ್ಟಾಗ್ಯಾಳ" ಅಂದಳೊಬ್ಬಳು. ಭಾವ ಅದನ್ನೇ ಹಿಡಿದುಕೊಂಡ.

"ಹೌದು, ಅವ್ವ ಮಡಿ ಇಲ್ದ ಹೋಗ್ಯಾಳ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೆತ್ತ ತಾಯಿ ಸುಟ್ಟ ಕೈ ಹಿಡಿದು ನರಳುತ್ತಿದ್ದಾಳೆ, ಇವನು ಮಡಿಯ ಮಾತಾಡುತ್ತಾನೆ! ಅವನ ಮುಖ ನೋಡಲೂ ನನಗೆ ಹೇಸಿಗೆಯಾಯಿತು. ಎಲ್ಲರೆದುರೇ ಥೂ ಅಂದೆ.

ಮರುದಿನ ನನ್ನ ಗಂಡ ಶಹಾಪುರದಿಂದ ವೈರ್‌ಮನ್‌ನನ್ನು ಕರೆತಂದ. ಆ ಮಹಾರಾಯ ಗುಟ್ಕಾ ಉಗುಳಿ ನಮ್ಮ ಗೋಡೆ ಕೆಂಪು ಮಾಡಿದ, ಅದೂ ಅಸಹ್ಯವೇ. ಆದರೆ ಕೆಲಸ ಶುದ್ಧ. ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕಿದ. ಸಲಾಕೆ ಕಿತ್ತೆಸೆದ. ಮೀಟರಿನಿಂದ ಹೋಗುವ ವೈರು ಹೊಸದಾಗಿ ಎಳೆದ, ಸ್ವಿಚ್ಚನ್ನು ಬರುವ ವೈರಿಗೇ ಹಾಕಿದ, ಎಲ್ಲಾದರೂ ಕರೆಂಟು ಸೋರಿದರೆ ತಾನೇ ಬೀಳುವ ಇನ್ನೊಂದು ಸ್ವಿಚ್ಚು ಕೂರಿಸಿದ. ಪ್ರತಿ ಸಾಕೆಟ್ಟಿನ ದೊಡ್ಡ ತೂತಿಗೆ ಹಸಿರು ವೈರು ಕೊಟ್ಟು, ಅದರ ತುದಿಯನ್ನು ಹಿತ್ತಲಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಯೊಳಗಿನ ಪೈಪಿಗೆ ಬಿಗಿದ.

"ಕೆಂಪು ಬರೋ ವೈರು, ಕರಿದು ಹೋಗೋ ವೈರು, ಎರಡೂ ದುಡಿಯೋವು. ಹಸಿರು ಬರೇ ಕಾಯೋದ್ರಿ ಅಕ್ಕಾರ. ಬ್ಯಾಸಗ್ಯಾಗ ಈ ಗುಂಡಿಗೂ ನೀರು ಹಾಕ್ರಿ. ಇದ್ರಾಗ ಕರೆಂಟ್ ಇರಂಗಿಲ್ಲ, ಹೆದರಬ್ಯಾಡ್ರಿ."

ನೀರು ಅಂದೊಡನೆ ಅತ್ತೆಯ ಮುಖ ಬಿಳಿಚಿಕೊಂಡಿತು. ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ತಂಬಿಗೆಯನ್ನು ಭಾವನತ್ತ ಚಾಚಿದಳು.

"ಮೊದಲ ನೀ ಹಾಕು."

ಭಾವ ತಂಬಿಗೆ ಹಿಡಿದು ಎದ್ದ. ಹಿತ್ತಲ ಬಾಗಿಲಲ್ಲಿ ನಿಂತು, ಕಾಲಿನಿಂದ ತಡಕಾಡಿ ರಬ್ಬರ್ ಚಪ್ಪಲಿ ಮೆಟ್ಟಿದ.

ಅತ್ತೆ ಆ ಚಪ್ಪಲಿ ನೋಡಿದಳು. ತನ್ನ ಬರಿಗಾಲು ನೋಡಿಕೊಂಡಳು.

"ನಿನಗ ಗೊತ್ತಿತ್ತಲ್ಲೋ" ಅಂದಳು.