ಬೆಳಕು ಚೆಲ್ಲದ ಮೇಷ್ಟ್ರು

ಕಲ್ಲನ್ನು ವಯಸ್ಸು ಕೇಳಿ ಉತ್ತರ ಪಡೆದ ಪುರಾತತ್ತ್ವಜ್ಞರು ಬೆರಳೆಣಿಕೆಯಷ್ಟು ಮಂದಿ. ಗದರಿಸಿ ಉತ್ತರ ಪಡೆದವರು ಒಬ್ಬರೇ, ಅವರೇ ಈ ವರ್ಷ ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ‘ಕತ್ತಲೆ ಮೇಷ್ಟ್ರು’. ಈ ಅಭಿನಂದನಾ ಸಂಪುಟದ ಸಂಪಾದಕರು ಈ ಲೇಖನಕ್ಕೆ ‘ಗತಕಾಲದ ಮೇಲೆ ಬೆಳಕು ಚೆಲ್ಲಿದ ಮಹನೀಯರು’ ಎಂಬ ಶೀರ್ಷಿಕೆಯನ್ನು ಮೊದಲೇ ಗೊತ್ತುಮಾಡಿಟ್ಟಿದ್ದರು. ಮೇಷ್ಟ್ರ ಶಿಷ್ಯರಲ್ಲೆಲ್ಲ ಅಗ್ರಗಣ್ಯನೆಂದು ಸ್ವತಃ ತಾನೇ ಘೋಷಿಸಿಕೊಂಡಿರುವ ಈ ಲೇಖಕ ಅದನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿದ್ದಾನೆ. ಜೀವಮಾನವಿಡೀ ಮೇಷ್ಟ್ರು ಹಣೆ ಚಚ್ಚಿಕೊಂಡದ್ದು ಆ ಒಂದು ಮಾತಿಗೇ. ಯಾವ ಸಭೆಯಲ್ಲಿ ಯಾರು ಹಾಗೆಂದು ಹೊಗಳಿದರೂ ಅವರು ಕುಳಿತಲ್ಲೇ ನರಳುತ್ತಿದ್ದರು: “ಚೆಲ್ಲಬೇಡ್ರಪ್ಪಾ! ಚೆಲ್ಲಿದ್ರೆ ಮುಗೀತು!”

ಸಂಗತಿ ಇಷ್ಟೇ. ಬಿಸಿಲುಂಡ ಕಲ್ಲಿನ ಮೈ ತನ್ನ ಹಳೆಯ ನೆನಪನ್ನೆಲ್ಲ ಕಳೆದುಕೊಳ್ಳುತ್ತದೆ. ಅದನ್ನು ಮಗುಚಿ ನೆಲಕ್ಕೆ ಹಾಸಿದ ಗಳಿಗೆಯಿಂದ ಕತ್ತಲಿಗೆ ಸರಿದ ಕೆಳಮುಖವು, ಸುತ್ತಲಿನ ಸಹಜ ವಿಕಿರಣವನ್ನು ತನ್ನ ಹರಳುಗಳಲ್ಲಿ ಹನಿಹನಿಯಾಗಿ ಕೂಡಿಡತೊಡಗುತ್ತದೆ. ಪ್ರಯೋಗಾಲಯದಲ್ಲಿ ಅದಕ್ಕೆ ಆಯ್ದ ಬಣ್ಣದ ಬೆಳಕು ತಾಗಿಸಿದರೆ ಕೂಡಿಟ್ಟದ್ದು ಮಿಣುಕಾಗಿ ಹೊರಬರುತ್ತದೆ. ಮಿಣುಕು ಹೆಚ್ಚಿದಷ್ಟೂ ಕತ್ತಲಲ್ಲಿ ಕಳೆದ ಕಾಲ ಹೆಚ್ಚು. ನಡುವೆ ಯಾವನೋ ಒಬ್ಬ ಪುಣ್ಯಾತ್ಮ ಟಾರ್ಚು ಬಿಟ್ಟನೋ, ಸಾವಿರಾರು ವರ್ಷ ಆವಿ!

ಸೇವೆಗೆ ಸೇರಿದಾಗ ಅವರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಪೊರಕೆ ಕೋಣೆ. ಕಿಟಕಿಯಿಲ್ಲವೆಂದು ಉಳಿದವರೆಲ್ಲ ಮೂಗು ಮುರಿದ ಆ ಗೂಡನ್ನು ಅವರು ಅರಮನೆ ಸಿಕ್ಕಂತೆ ಅಪ್ಪಿಕೊಂಡು, ಕಲ್ಲಿನ ನೆನಪನ್ನು ಕೆಡಿಸದ ಮಂಕಾದ ಕೆಂಪು ದೀಪವೊಂದನ್ನು ತೂಗುಹಾಕಿ ಕುಳಿತರು. ಆದರೆ ಲೋಕಕ್ಕೆ ಬಾಗಿಲು ತಟ್ಟುವ ಅಭ್ಯಾಸವೇ ಇಲ್ಲವಲ್ಲ! ಚಹಾದವನು, ಗುಮಾಸ್ತ, ದಾರಿ ತಪ್ಪಿದ ವಿದ್ಯಾರ್ಥಿ, ಎಲ್ಲರೂ ಬಾಗಿಲು ತೆರೆದೇ ಇಣುಕುವವರು. “ಬಾಗಿಲು!” ಎಂದು ಮೇಷ್ಟ್ರು ಕೂಗಿದರೆ ಮೂರನೆಯ ಮಹಡಿಯ ಪ್ರಾಂಶುಪಾಲರೂ ಗಾಬರಿಯಿಂದ ತಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರು. “ಲೈಟ್ ಹಾಕ್ಲಾ ಅಂತ ಅಪ್ಪಣೆ ಕೇಳಿ ಹಾಕೋ ಮನೆ ಭೂಮಿ ಮೇಲೆ ಇದೊಂದೇ” ಎಂದು ಅವರ ಶ್ರೀಮತಿಯವರು ಇಂದಿಗೂ ನಿಟ್ಟುಸಿರು ಬಿಡುತ್ತಾರೆ.

ಸಿಡುಕಿನ ಒಳಗೆ ಅಕ್ಕರೆಯಿತ್ತು, ಬೈಗುಳದಲ್ಲಿ ಸುತ್ತಿಟ್ಟದ್ದು. ಈ ಲೇಖಕನ ಸಹಪಾಠಿಯೊಬ್ಬಳು ಪ್ರಬಂಧ ಒಪ್ಪಿಸುವ ವಾರವೇ ಜ್ವರ ಹಿಡಿದು ಮಲಗಿದಾಗ, ಅವಳು ಪರೀಕ್ಷಿಸಬೇಕಿದ್ದ ಕಲ್ಲಿನ ತೆಳು ಬಿಲ್ಲೆಗಳನ್ನು ಮೇಷ್ಟ್ರೇ ಕೂತು ಕೊಯ್ದರು. “ಬೇಕಂತಲೇ ಸೊಟ್ಟ ಕೊಯ್ದಿದ್ದೀನಿ ಕಣಮ್ಮಾ, ನೀನೇ ಕೊಯ್ದಿದ್ದು ಅನ್ನಿಸ್ಬೇಕಲ್ಲ” ಎಂದು ಅವಳು ಎದ್ದು ಬಂದ ದಿನ ಕೈಗಿಟ್ಟರು. ಅವಳು ಅತ್ತಳೋ ನಕ್ಕಳೋ ಕೆಂಪು ದೀಪದಲ್ಲಿ ತಿಳಿಯಲಿಲ್ಲ.

ಅವರ ಸೇವಾವಧಿಯ ಕೊನೆಯ ಕದನ ನಡೆದದ್ದು ಊರಂಚಿನ ಗುಡ್ಡಕ್ಕೆ ಹತ್ತುವ ಕಲ್ಲುಹಾಸಿನ ದಾರಿಯಲ್ಲಿ. ಅದನ್ನು ಅಗೆದು ಕೊಳವೆ ಹೂಳಬೇಕೆಂದು ನೀರು ಸರಬರಾಜಿನ ಎಂಜಿನಿಯರ್ ಹಟ ಹಿಡಿದಿದ್ದರು. “ಅದು ನಮ್ಮಜ್ಜನ ಕಾಲದಲ್ಲಿ ಹಾಕಿದ್ದು ಮೇಷ್ಟ್ರೇ, ಪುರಾತನವಂತೆ ಪುರಾತನ, ಸುಮ್ನಿರಿ!” ಎಂಬುದು ಅವರ ವಾದ. ಪ್ರಾಚೀನವೆಂದು ಸಾಬೀತಾದರೆ ದಾರಿ ಉಳಿಯುತ್ತದೆ, ಇಲ್ಲವಾದರೆ ಯಂತ್ರ ನುಗ್ಗುತ್ತದೆ. ಪರೀಕ್ಷೆಗೆ ಎಬ್ಬಿಸಲು ಪುರಾತತ್ತ್ವ ಇಲಾಖೆಯ ಕಚೇರಿ ಕೊಟ್ಟ ಅನುಮತಿ ಒಂದೇ ಒಂದು ಕಲ್ಲಿಗೆ.

ದಪ್ಪ ಕಪ್ಪು ಟಾರ್ಪಾಲಿನ ಗುಡಾರ ಹೂಡಿ, ಒಳಗೆ ಆ ಹಾಸುಗಲ್ಲನ್ನು ಮಗುಚಿದ್ದಷ್ಟೇ. ಕಚೇರಿ ಕಳಿಸಿದ್ದ ಛಾಯಾಗ್ರಾಹಕ ಹೊರಗಿನಿಂದ, “ಏನ್ ಸಾರ್ ಈ ಗವಿ! ಮುಖಾನೇ ಕಾಣಲ್ವಲ್ಲ. ಸ್ವಲ್ಪ ಬೆಳಕು ಚೆಲ್ಲಿದ್ರೆ ಫೋಟೋ ಜೋರಾಗಿ ಬರುತ್ತೆ” ಎಂದವನೇ ಟಾರ್ಪಾಲನ್ನು ಸರ್ರನೆ ಮೇಲೆತ್ತಿಬಿಟ್ಟ. ನಡುಹಗಲ ಬಿಸಿಲು ಕಲ್ಲಿನ ಕೆಳಮುಖಕ್ಕೆ ನೇರವಾಗಿ ಹೊಡೆಯಿತು. ಮೇಷ್ಟ್ರು ಹುಲಿಯಂತೆ ಹಾರಿ ಅದರ ಮೇಲೆ ಬೋರಲು ಬಿದ್ದರು. ಇಡೀ ತಾಲೂಕಿಗೆ ನೆರಳು ಕೊಡಬಲ್ಲ ಆ ಹೊಟ್ಟೆ ಸಾರ್ಥಕವಾದದ್ದು ಅಂದೇ.

“ಹೋಯ್ತಲ್ಲ ಮೇಷ್ಟ್ರೇ, ನಿಮ್ಮ ಕಲ್ಲು ಎಲ್ಲಾ ಮರ್ತೇಬಿಡ್ತಲ್ಲ! ನಾಳೆ ಯಂತ್ರ ತರಿಸ್ಲಾ?” ಎಂದರು ತಮಾಷೆ ನೋಡಲೆಂದೇ ಬಂದು ನಿಂತಿದ್ದ ಎಂಜಿನಿಯರ್, ಹಲ್ಲು ಕಿರಿಯುತ್ತ.

“ತರ್ಸು. ಮೊದ್ಲು ನನ್ನ ಮೇಲೆ ಹಾಯ್ಸು” ಎಂದರು ಮೇಷ್ಟ್ರು ಮಲಗಿದಲ್ಲಿಂದಲೇ. “ಲೋ ಕತ್ತೆ, ನೋಡ್ತಾ ನಿಂತಿದ್ದೀಯಲ್ಲ, ಕಪ್ಪು ಬಟ್ಟೆ ತಾರೋ!”

ಬಟ್ಟೆ ತಂದ ಕತ್ತೆ ಈ ಲೇಖಕನೇ. ಅವನ ಕಾಲಿನ ವೇಗ ಇಲ್ಲದಿದ್ದರೆ ನಾಡಿನ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂಬುದನ್ನು ಇಲ್ಲಿ ವಿನಯದಿಂದ ದಾಖಲಿಸಲಾಗಿದೆ.

ಪೊರಕೆ ಕೋಣೆಯಲ್ಲಿ ಎಲ್ಲರೂ ಸೂತಕದ ಮುಖ ಹೊತ್ತು ನಿಂತಿದ್ದಾಗ ಮೇಷ್ಟ್ರು ಮತ್ತೆ ಸಿಡುಕಿದರು. “ಯಾಕ್ರೋ ಅಳ್ತೀರಿ? ಫೋಟೋದವನ ಬಿಸಿಲು ಕಲ್ಲಿನ ಚರ್ಮ ದಾಟಿರಲ್ಲ. ಹಾಸೋ ಮುಂಚೆ ವರ್ಷಗಟ್ಟಲೆ ಗುಡ್ಡದ ಮೇಲೆ ಬಿದ್ದಿತ್ತಲ್ಲ, ಆ ಹಳೇ ಬಿಸಿಲು ಮಾಂಸದೊಳಕ್ಕೆ ಇಳಿದಿದೆ. ಆ ಎರಡು ಆಳದ ನಡುವೆ ಹುಡುಕ್ರೋ, ಹಾಸಿದ ದಿನದಿಂದ ಕೂಡಿಟ್ಟಿದ್ದು ಅಲ್ಲೇ ಇದೆ!” ಕಲ್ಲನ್ನು ಕೊರೆದು, ಉಗುರಿನಷ್ಟು ತೆಳುವಾಗಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದೆವು. ಮೊದಲ ಬಿಲ್ಲೆ ಮೂಕ. ಅದರ ಒಳಗಿನ ಬಿಲ್ಲೆ ಮಿಣುಕಿತು; ಅದರೊಳಗಿನದೂ ಅಷ್ಟೇ ಮಿಣುಕಿತು. ಆ ದಾರಿ ಹಾಸಿ ಎರಡು ಸಾವಿರ ವರ್ಷಗಳ ಮೇಲಾಗಿದೆಯೆಂದು ಮಿಣುಕಿದವೆಲ್ಲವೂ ಒಕ್ಕೊರಲಿನಿಂದ ಸಾರಿದವು. ಕೊಳವೆ ಗುಡ್ಡವನ್ನು ಬಳಸಿಕೊಂಡು ಹೋಯಿತು. ವರದಿಯಲ್ಲಿ ಮೂಕ ಬಿಲ್ಲೆಯ ಮುಂದೆ ಮೇಷ್ಟ್ರು ಪರಮ ಗಂಭೀರವಾಗಿ ಬರೆದರು: ‘ಛಾಯಾಗ್ರಾಹಕರ ಕಾಲ.’

ಅಭಿನಂದನಾ ಸಮಾರಂಭಕ್ಕೂ ಅದೇ ಛಾಯಾಗ್ರಾಹಕನನ್ನು ಗೊತ್ತುಮಾಡಿದ್ದಾರಂತೆ. ಯಾರಿಗೆ ಹೇಳೋಣ ನಮ್ಮ ಕರ್ಮ! ಇರಲಿ. ಪೊರಕೆ ಕೋಣೆಯ ಬೀಗದ ಕೈಯನ್ನು ಮೇಷ್ಟ್ರು ಇನ್ನೂ ಯಾರಿಗೂ ಒಪ್ಪಿಸಿಲ್ಲ. ಅದು ಅವರ ಜೇಬಿನಲ್ಲೇ ಸವೆಯಲಿ. ಅವರ ಆಯಸ್ಸು ಹಾಸುಗಲ್ಲಿನ ಕೆಳಮುಖದಂತೆ ಸದ್ದಿಲ್ಲದೆ ಕೂಡುತ್ತಲೇ ಹೋಗಲಿ. ಇನ್ನೂ ನೂರಾರು ಕಲ್ಲುಗಳು ಅವರಿಂದ ಬೈಸಿಕೊಂಡು ಬಾಯಿಬಿಡಲಿ. ಸಭಿಕರಲ್ಲಿ ಒಂದೇ ವಿನಂತಿ: ಅವರು ಮಾತಿಗೆ ಎದ್ದು ನಿಂತಾಗ, ದಯವಿಟ್ಟು, ಯಾರೂ ಬೆಳಕು ಚೆಲ್ಲಬೇಡಿ.