ಓಟಕ್ಕೊಂದು ಉದ್ಯಾಪನೆ

2023ರಲ್ಲಿ ನಾನು ಜೋಗೇಶ್ವರಿ ಪೂರ್ವದ ಒಂದು ಧರ್ಮಾರ್ಥ ಚಿಕಿತ್ಸಾಲಯದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ವೃತ್ತಿಗೆ ಇಳಿದು ಇಪ್ಪತ್ತು ವರ್ಷ ದಾಟಿತ್ತು. ಮೊಣಕಾಲು, ಸೊಂಟ, ಭುಜ ನೋಡಿ ನೋಡಿ ಬೇಸತ್ತು, ಜನ ಹಾಸಿಗೆ ಹಿಡಿಯುವ ಮೊದಲೇ ಅವರನ್ನು ಎಬ್ಬಿಸುವಾ ಎಂದು ಹತ್ತಿರದ ಮೈದಾನದಲ್ಲಿ ಒಂಬತ್ತು ವಾರದ ಓಟದ ತರಬೇತಿ ಶುರುಮಾಡಿದೆ. ಜನ್ಮದಲ್ಲಿ ಓಡದವರಿಗಾಗಿ ಮಾಡಿದ್ದು ಇದು. ಮೊದಲ ವಾರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಈ ಅದಲುಬದಲಿಗೆ ನಾವು ಇಂಟರ್ವಲ್ ಎನ್ನುತ್ತೇವೆ. ವಾರ ಕಳೆದಂತೆ ನಡಿಗೆ ಇಳಿದು ಓಟ ಏರುತ್ತದೆ. ಕೊನೆಗೆ ಅರ್ಧ ಗಂಟೆ ನಿಲ್ಲದೆ ಓಡಬೇಕು. ಗೇಟಿಗೊಂದು ಬ್ಯಾನರ್ ಕಟ್ಟಿಸಿದ್ದೆ: ‘ಒಂಬತ್ತೇ ವಾರ, ನೀವೂ ಓಟಗಾರರು’. ಮಾಡಿದ ತಪ್ಪೆಲ್ಲ ಆ ಒಂದು ಸಾಲಿನಲ್ಲೇ ಇತ್ತು, ನನಗೆ ಗೊತ್ತಾಗಲಿಲ್ಲ.

ದೀಪಾವಳಿ ಕಳೆದ ವಾರ ನೀಲವ್ವ ಬಂದರು. ಬಾಗಲಕೋಟೆ ಕಡೆಯವರು, ಐವತ್ತೆರಡು ವಯಸ್ಸು. ಚಾಳಿನ ಒಂದು ಖೋಲಿಯಲ್ಲಿ ಜೋಳದ ರೊಟ್ಟಿ ಬಡಿದು ಕುರ್ಲಾ, ಬಾಂದ್ರಾದ ಖಾನಾವಳಿಗಳಿಗೆ ಕಳಿಸುತ್ತಿದ್ದರು. ದಿನವಿಡೀ ಒಲೆಯ ಮುಂದೆ ಕೂತು ಕೂತು ಮೈ ಬಂದಿತ್ತು, ನಾಲ್ಕು ಮೆಟ್ಟಿಲಿಗೆ ಏದುಸಿರು. ಎದೆಯಲ್ಲಿ ತೊಂದರೆ ಏನೂ ಇಲ್ಲ, ಅಭ್ಯಾಸ ತಪ್ಪಿದ್ದಷ್ಟೇ ಎಂದು ನಮ್ಮ ಡಾಕ್ಟರು ಬರೆದುಕೊಟ್ಟಿದ್ದರು.

ಅವರ ಸಂಕಟ ಬೇರೆಯೇ ಇತ್ತು. ಚಾಳು ಕೆಡವಿ ಹೊಸ ಬಿಲ್ಡಿಂಗ್ ಕಟ್ಟುವವರಿದ್ದರು. ಅದು ಮುಗಿಯುವವರೆಗೆ ಇರಲಿಕ್ಕೆ ಬಿಲ್ಡರ್ ಕೊಟ್ಟ ತಾತ್ಕಾಲಿಕ ಮನೆ ಏಳನೆಯ ಮಹಡಿಯಲ್ಲಿ. ಲಿಫ್ಟ್ ಇತ್ತು, ಆದರೆ ಅದು ಓಡುವ ದಿನಕ್ಕಿಂತ ನಿಲ್ಲುವ ದಿನವೇ ಹೆಚ್ಚು. ಕೊರಿಯರ್ ಗೋಡೌನಿನಲ್ಲಿ ಕೆಲಸ ಮಾಡುವ ಮಗ ಬಸು, ಹತ್ತಲಾಗದ ಅವ್ವನನ್ನು ಊರಿಗೆ ಸೋದರಮಾವನ ಮನೆಗೆ ಕಳಿಸುವುದೇ ಸರಿ ಎಂದು ನಿಶ್ಚಯಿಸಿಬಿಟ್ಟಿದ್ದ. ಗಂಡ ರಾತ್ರಿ ವಾಚ್‌ಮನ್, ಹಗಲು ನಿದ್ದೆ; ಆ ಮನೆಯಲ್ಲಿ ಅವರ ಮಾತು ನಡೆಯುತ್ತಿದ್ದದ್ದು ಕಡಿಮೆ. ಊರೆಂದರೆ ನೀಲವ್ವನಿಗೆ ಶಿಕ್ಷೆ. ಇಲ್ಲಿ ತಾನು ಮಾಲಕಿ, ಅಲ್ಲಿ ತಮ್ಮನ ಹೆಂಡತಿಯ ಕೈ ನೋಡಿಕೊಂಡು ತುತ್ತಿಗೆ ಕಾಯಬೇಕು ಎಂದರು. ಏಳು ಮಹಡಿ ಹತ್ತಿಸಿಕೊಡಿ, ಬೇರೆ ಏನೂ ಬೇಡ ಎಂದು ಕೇಳಿಕೊಂಡರು.

ಅಂಥ ಶಿಷ್ಯೆ ನನಗೆ ಮತ್ತೆ ಸಿಗಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ನನಗಿಂತ ಮೊದಲೇ ಮೈದಾನದಲ್ಲಿ ಹಾಜರು. ಸೀರೆ ಎತ್ತಿ ಕಟ್ಟಿ, ಹಣೆಗೆ ವಿಭೂತಿ ಇಟ್ಟು ಓಡುವರು. ಶೀತವೆಂದಾಗಲೀ ಮನೆಯಲ್ಲಿ ನೆಂಟರೆಂದಾಗಲೀ ಒಂದು ದಿನ ತಪ್ಪಿಸಲಿಲ್ಲ. ಉಳಿದವರೋ, ದೇವರೇ! ಆಫೀಸು, ಟ್ರಾಫಿಕ್ಕು, ಹಲ್ಲುನೋವು, ಅತ್ತೆ ಎಂದು ನೂರೆಂಟು ನೆವ. ಅವರಿಗೆಲ್ಲ ನಾನು ನೀಲವ್ವನನ್ನೇ ತೋರಿಸಿ ಬೈಯುತ್ತಿದ್ದೆ. ಒಂಬತ್ತನೆಯ ವಾರ ಆಕೆ ಅರ್ಧ ಗಂಟೆ ಓಡಿ ಮುಗಿಸಿದಾಗ ನನ್ನ ಕಣ್ಣೇ ಒದ್ದೆಯಾಯಿತು.

ಮುಂದಿನ ಸೋಮವಾರ ಊಟಕ್ಕೆ ಕರೆದರು. ಐದು ಜನ ಹೆಂಗಸರನ್ನು ಕೂರಿಸಿ, ಕುಂಕುಮ ಹಚ್ಚಿ, ಜಂಪರಿನ ಖಣ, ತೆಂಗಿನಕಾಯಿ ಕೊಟ್ಟು, ಹೋಳಿಗೆ ಬಡಿಸಿದರು. ಓಡಿದ ಸಂತೋಷಕ್ಕೆ ಪಾರ್ಟಿ ಇರಬೇಕು ಎಂದುಕೊಂಡು ನಾನು ಮೂರು ಹೋಳಿಗೆ ತುಪ್ಪ ಹಾಕಿಸಿಕೊಂಡು ಹೊಡೆದೆ.

ಬುಧವಾರ ನೀಲವ್ವ ಮೈದಾನಕ್ಕೆ ಬರಲಿಲ್ಲ. ಶುಕ್ರವಾರವೂ ಇಲ್ಲ. ಮೈಗೆ ಸರಿಯಿಲ್ಲವೇನೋ ಎಂದು ಫೋನ್ ಮಾಡಿದರೆ ದನಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು.

“ವ್ರತ ಮುಗದೈತ್ರಿ ಅಕ್ಕಾರ. ಉದ್ಯಾಪನಿ ಮಾಡೇನಿ. ನೀವ ಬಂದು ಉಂಡು ಹೋಗೀರಲ್ಲ.”

ಇಷ್ಟು ವಾರದ ಹಠ ಎಲ್ಲಿಂದ ಬಂತೆಂದು ಆಗ ಅರ್ಥವಾಯಿತು. ಹದಿನಾರು ಸೋಮವಾರದ ಹಾಗೆ ಇದು ಒಂಬತ್ತು ವಾರದ ವ್ರತ. ಹಿಡಿದದ್ದನ್ನು ಮುಗಿಸಿದರು, ಮುಗಿದದ್ದಕ್ಕೆ ಉದ್ಯಾಪನೆ ಮಾಡಿ ಉಣ್ಣಿಸಿದರು. ಉದ್ಯಾಪನೆಯಾದ ವ್ರತವನ್ನು ಮರುವಾರವೂ ಮಾಡುತ್ತಾ ಹೋಗುವವರು ಎಲ್ಲಾದರೂ ಉಂಟಾ?

ಆಮೇಲೆ ನಾನು ಪಟ್ಟ ಪಾಡು ನಾಯಿಗೂ ಬೇಡ. ಮೋಟಿವೇಶನ್ ಎಂದು ಪುಸ್ತಕದಲ್ಲಿ ಏನೆಲ್ಲ ಬರೆದಿದ್ದಾರೋ ಅಷ್ಟನ್ನೂ ಪ್ರಯೋಗಿಸಿದೆ. ಹೊಸ ಗುರಿ ಕೊಡಬೇಕಂತೆ, ಹತ್ತು ಕಿಲೋಮೀಟರ್ ಓಟದ ವಿಷಯ ಹೇಳಿದೆ. ಅಷ್ಟು ದೂರ ಹೋಗಲಿಕ್ಕೆ ಬಸ್ಸು ಇಲ್ಲವೇ ಎಂದು ಕೇಳಿದರು. ಗೆಳತಿಯರ ಗುಂಪು ಇರಬೇಕಂತೆ, ವಾಟ್ಸಾಪ್ ಗ್ರೂಪ್ ಮಾಡಿ ಸೂರ್ಯೋದಯದ ಚಿತ್ರದ ಜೊತೆ ದಿನಕ್ಕೊಂದು ಸುಭಾಷಿತ ಹಾಕಿದೆ. ಅದಕ್ಕವರು ಗುಲಾಬಿ ಹೂವಿನ ಶುಭೋದಯ ಕಳಿಸಿದರು. ಉತ್ಸಾಹ ಬರಲಿ ಎಂದು ನಮ್ಮ ಬ್ಯಾಚಿನ ಟೀ-ಶರ್ಟ್ ಕೊಟ್ಟೆ. ಮುಂದಿನ ಸಲ ಹೋದಾಗ ಅದು ರೊಟ್ಟಿ ಬುಟ್ಟಿಯೊಳಗಿತ್ತು, ರೊಟ್ಟಿ ಬಿಸಿಯಾಗಿರುತ್ತವೆ ಎಂದು ಹೊಗಳಿದರು. ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗಾಯಿತು ನನ್ನ ಕೆಲಸ.

ಫೆಬ್ರವರಿ ಕೊನೆಗೆ ಚಾಳು ಖಾಲಿ ಮಾಡಿದರು. ಹೊಸ ಮನೆಯಲ್ಲಿ ಹಾಲು ಉಕ್ಕಿಸಲಿಕ್ಕೆ ನನ್ನನ್ನೂ ಕರೆದಿದ್ದರು. ಹೋದರೆ ಲಿಫ್ಟ್ ಬಂದ್. ಬೈದುಕೊಳ್ಳುತ್ತ ಹತ್ತಿದೆ. ನಾಲ್ಕನೆಯ ಮಹಡಿಯ ಮೆಟ್ಟಿಲಿನ ಮೇಲೆ ನೀಲವ್ವ ಕೂತಿದ್ದರು. ಮುಖವೆಲ್ಲ ಬೆವರು, ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಎದೆಯ ಮೇಲೆ. ಹಾಲಿನ ಪಾತ್ರೆ ಪಕ್ಕದಲ್ಲಿತ್ತು. ಬಸು ಎರಡು ಮೆಟ್ಟಿಲು ಮೇಲೆ ನಿಂತಿದ್ದ.

“ಅವ್ವಾ, ನಾ ಬೋಲಾ ಥಾ ನಾ? ನಿನಗ ಆಗೂದಿಲ್ಲ. ಸಂಡೇಕಾ ಟಿಕೆಟ್ ನಿಕಾಲ್ತಾ ಹೂಂ,” ಅಂದ. ಭಾನುವಾರದ ರೈಲಿಗೇ ಅವ್ವನನ್ನು ಊರಿಗೆ ಕಳಿಸುವ ಮಾತು. ಕೆಟ್ಟ ಹುಡುಗನಲ್ಲ, ಹೆದರಿದ್ದ.

ನೀಲವ್ವ ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದರು. ಅಂಗಡಿಯವನು ಮೋಸ ಮಾಡಿದಾಗ ನೋಡುತ್ತಾರಲ್ಲ, ಹಾಗೆ.

“ಅಷ್ಟು ಓಡಿದ್ದೆಲ್ಲ ಎಲ್ಲಿ ಹೋತ್ರಿ ಅಕ್ಕಾರ? ನನ್ನ ಕಾಲಾಗ ಇತ್ತಲ್ಲ?”

ನನಗೆ ಪಿತ್ತ ನೆತ್ತಿಗೇರಿತು. ಐದು ವಾರ ಗಂಟಲು ಹರಿದುಕೊಂಡದ್ದು ಇದನ್ನೇ ಅಲ್ಲವೇ? ನಮ್ಮ ಭಾಷೆಯಲ್ಲಿ ಇದಕ್ಕೆ ಡೀಕಂಡಿಷನಿಂಗ್ ಎನ್ನುತ್ತಾರೆ. ಅಭ್ಯಾಸ ನಿಲ್ಲಿಸಿದ ಕೆಲವೇ ವಾರದಲ್ಲಿ ಹೃದಯ, ಸ್ನಾಯು ಗಳಿಸಿದ್ದನ್ನು ಬಿಟ್ಟುಕೊಡುತ್ತ ಬರುತ್ತವೆ. ಬೈಯಲಿಕ್ಕೆ ಬಾಯಿ ತೆರೆದವಳಿಗೆ ನಾನು ಈ ಮಾತನ್ನು ಒಮ್ಮೆಯೂ ಹೇಳೇ ಇಲ್ಲವೆಂದು ಹೊಳೆಯಿತು. ಬನ್ನಿ, ಓಡಿ, ಬಿಡಬೇಡಿ ಎಂದಿದ್ದೆನೇ ಹೊರತು, ಬಿಟ್ಟರೆ ಗಳಿಸಿದ್ದು ಹೋಗುತ್ತದೆ ಎಂದಿರಲಿಲ್ಲ. ವ್ರತದ ಫಲ ಯಾರಿಗಾದರೂ ಐದು ವಾರಕ್ಕೆ ಕೆಡುತ್ತದೆಯೇ? ಮಾಡಿದ ಪುಣ್ಯ ಇದ್ದಲ್ಲೇ ಇರುತ್ತದೆ ಎಂದು ಆಕೆ ನಂಬಿ ಕೂತಿದ್ದರು.

ನಾನೂ ಆ ಮೆಟ್ಟಿಲ ಮೇಲೆ ಕೂತೆ. “ನೀಲವ್ವ, ಖಡಕ್ ರೊಟ್ಟಿಯಾದರೆ ಡಬ್ಬಿಗೆ ಹಾಕಿಟ್ಟರೆ ತಿಂಗಳುಗಟ್ಟಲೆ ಇರ್ತದೆ. ಇದು ಬಿಸಿ ರೊಟ್ಟಿ ಮಾರಾಯ್ತಿ. ಇವತ್ತಿನದು ಇವತ್ತೇ ಬಡಿಯಬೇಕು.”

ಆಕೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ, ಹೇಳಿದ್ದರೆ ಉದ್ಯಾಪನೆಯನ್ನೇ ಮಾಡುತ್ತಿರಲಿಲ್ಲ ಎಂದರು. ಮಗನ ಕಡೆ ತಿರುಗಿ, ಟಿಕೆಟ್ಟು ಯುಗಾದಿಯ ಮಾತು, ಅಷ್ಟರೊಳಗೆ ಹತ್ತಲಾಗದಿದ್ದರೆ ತಾನೇ ಹೋಗಿ ರೈಲಿನಲ್ಲಿ ಕೂರುತ್ತೇನೆ ಎಂದು ತೀರ್ಪು ಕೊಟ್ಟರು. ಆ ದಿನ ಮೇಲೆ ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಲ ಕೂರಬೇಕಾಯಿತು.

ಮರುದಿನದಿಂದ ಬಿಲ್ಡಿಂಗಿನ ಕಾಂಪೌಂಡಿನಲ್ಲೇ ಶುರು. ನಾಲ್ಕನೆಯ ವಾರದ ಪಾಠಕ್ಕೆ ಹಿಂದೆ ಹೋಗಬೇಕಾಯಿತು, ಅದಕ್ಕೂ ನನಗೇ ಬೈಗುಳ. ಯುಗಾದಿಯ ಬೆಳಿಗ್ಗೆ ಬೇವಿನ ಸೊಪ್ಪು ತರಲಿಕ್ಕೆ ತಾಯಿ ಮಗ ಇಬ್ಬರೂ ಇಳಿದಿದ್ದರಂತೆ. ಲಿಫ್ಟ್ ಎಂದಿನಂತೆ ಕೈಕೊಟ್ಟಿತ್ತು. ನೀಲವ್ವ ಐದನೆಯ ಮಹಡಿಯಲ್ಲಿ ಒಮ್ಮೆ ನಿಂತು ಸೆರಗು ಸರಿಮಾಡಿಕೊಂಡು ಮನೆ ಸೇರಿ ಬೇವಿಗೆ ಬೆಲ್ಲ ಕುಟ್ಟತೊಡಗಿದ ಮೇಲೆ ಬಸು ಉಸ್ಸಪ್ಪಾ ಎಂದು ಬಾಗಿಲಿಗೆ ಬಂದ. ಆಮೇಲೆ ಆ ಮನೆಯಲ್ಲಿ ಟಿಕೆಟ್ಟಿನ ಮಾತು ಬರಲಿಲ್ಲ.

ಕಳೆದ ತಿಂಗಳು ಹೋಗಿದ್ದೆ. ಈಗಲಾದರೂ ಓಟ ಖುಷಿ ಕೊಡುತ್ತದಾ ಎಂದು ಆಸೆಯಿಂದ ಕೇಳಿದೆ. ಎಷ್ಟಾದರೂ ನಮ್ಮ ವೃತ್ತಿಯವರಿಗೆ ಆ ಒಂದು ಮಾತು ಕೇಳುವ ಚಪಲ.

“ಎಲ್ಲೀ ಖುಷಿ ತಗೀರಿ. ದಿನಾ ಬ್ಯಾಸರಕಿ ಬರ್ತದ. ಆದ್ರ ಮನಿ ಮ್ಯಾಲೈತಲ್ರಿ.”

ಬ್ಯಾನರನ್ನು ಹಾಲು ಉಕ್ಕಿಸಿದ ದಿನವೇ ಇಳಿಸಿದ್ದೆ. ತರಬೇತಿ ಈಗಲೂ ಒಂಬತ್ತು ವಾರದ್ದೇ, ಆದರೆ ಇದು ಇಟ್ಟರೆ ಉಳಿಯುವ ವಸ್ತುವಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ. ಆದರೂ ಪ್ರತಿ ಬ್ಯಾಚಿನಲ್ಲಿ ಹತ್ತನೆಯ ವಾರ ಯಾರಾದರೊಬ್ಬರು ಮುಖ ಜೋಲು ಹಾಕಿಕೊಂಡು ಬಂದೇ ಬರುತ್ತಾರೆ: ಮೇಡಮ್, ಮೋಟಿವೇಶನ್ ಹೋಗಿಬಿಟ್ಟಿದೆ, ಬೇಸರ. ಸುಭಾಷಿತಗಳನ್ನೆಲ್ಲ ಫೋನಿನಿಂದ ಅಳಿಸಿ ವರ್ಷವಾಯಿತು. ಬೇಸರವಾಗಿದ್ದರೆ ಬೇಸರದಿಂದಲೇ ಓಡಿ ಎನ್ನುತ್ತೇನೆ.