ಒಂದು ಪರದೆಗೆ ಇಬ್ಬರು ಯಜಮಾನರು

ತೊಂಬತ್ತರ ದಶಕದ ಶುರುವಿನಲ್ಲಿ ಮುಂಬೈಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಅಲ್ಲಿ ಒಳ್ಳೆಯ ಪರದೆಯಿದ್ದ ಕಂಪ್ಯೂಟರ್ ಒಂದೇ. ಆ ಪರದೆಯ ಮೇಲೆ ಕಿಟಕಿಗಳನ್ನು ಜೋಡಿಸಿ ತೋರಿಸುವ ಪ್ರೋಗ್ರಾಮುಗಳು ವಿದೇಶದಿಂದ ಟೇಪಿನಲ್ಲಿ ಪುಕ್ಕಟೆಯಾಗಿ, ಬೇಕಾದಂತೆ ತಿದ್ದಿಕೊಳ್ಳಲು ಸೋರ್ಸ್ ಕೋಡ್ ಸಮೇತ ಬರುತ್ತಿದ್ದವು. ಅಂಥದೊಂದನ್ನು ನಾನು ತಿಂಗಳುಗಟ್ಟಲೆ ತಿದ್ದಿ ತೀಡಿದ್ದೆ. ಆಮೇಲೆ ಕೆಲಸಕ್ಕೆ ಸೇರಿದ ಹುಬ್ಬಳ್ಳಿ ಕಡೆಯವಳೊಬ್ಬಳು ಇನ್ನೊಂದನ್ನು ಹಿಡಿದು ಕೂತಳು. ಅವಳದರಲ್ಲಿ ಗುಂಡಿಗಳಿಗೆ ಉಬ್ಬು, ಅಂಚುಗಳಿಗೆ ನೆರಳು. ನಮ್ಮ ಮರಾಠಿ ಸಾಹೇಬರು ಅವಳ ಕುರ್ಚಿಯ ಹಿಂದೆ ನಿಂತು "ವಾಹ್, ಕಾಯ್ ಮಸ್ತ್!" ಅಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಮಾಟುಂಗದಲ್ಲಿ ತಿಂದು ಬಂದ ಇಡ್ಲಿಯೂ ಅರಗುತ್ತಿರಲಿಲ್ಲ.

ಗಿರಾಕಿಗಳು ನೋಡಲು ಬರುವವರಿದ್ದರು. ಅವರಿಗೆ ತೋರಿಸಿದ್ದೇ ಮುಂದೆ ನಾವು ಮಾರುವ ಎಲ್ಲ ಮೆಷೀನುಗಳಿಗೂ. ಅದು ನನ್ನದೇ ಆಗಬೇಕಿತ್ತು, ನನಗೆ ಬೇರೇನೂ ಬೇಡವಾಗಿತ್ತು.

ನಮ್ಮಲ್ಲೊಂದು ವಿಚಿತ್ರ ಪದ್ಧತಿ: ಇಡೀ ಆಫೀಸಿಗೆ ಲಾಗಿನ್ ಹೆಸರು ಒಂದೇ. "ಹಮ್ ಸಬ್ ಏಕ್ ಫ್ಯಾಮಿಲಿ" ಎಂಬುದು ಸಾಹೇಬರ ವೇದಾಂತ. ಹಾಗಾಗಿ ಲಾಗಿನ್ ಆದೊಡನೆ ಏನು ಶುರುವಾಗಬೇಕೆಂದು ಹೇಳುವ ಫೈಲೂ ಒಂದೇ. ಬೆಳಿಗ್ಗೆ ನಾನು ಅದರಲ್ಲಿ ನನ್ನದನ್ನು ಬರೆದರೆ ಮಧ್ಯಾಹ್ನ ಅವಳು ತನ್ನದನ್ನು ಬರೆಯುತ್ತಿದ್ದಳು.

ಗಿರಾಕಿಗಳು ಬರುವ ದಿನ ಸಾಹೇಬರು, "ದೋನೋ ಡಾಲ್ ದೋ" ಅಂದರು. ಅದೇ ಫೈಲಿನಲ್ಲಿ ಎರಡನ್ನೂ ಹಾಕಿದೆವು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಅವಳದು ಮೊದಲೆದ್ದು ಪರದೆ ಹಿಡಿಯಿತು. ನನ್ನದು ಜಾಗವಿಲ್ಲವೆಂದು ಬಿದ್ದುಹೋಯಿತು, ಫೈಲಿನ ಕೊನೆಯ ಸಾಲು ಅದೇ ಆದ್ದರಿಂದ ಅದರ ಜೊತೆಗೆ ಎಲ್ಲವೂ ಮುಚ್ಚಿ ಮತ್ತೆ ಲಾಗಿನ್ ಪರದೆ ಬಂತು. ಪಾಸ್‌ವರ್ಡ್ ಕೊಟ್ಟರೆ ಮತ್ತೂ ಅದೇ. ಕೆಳಗೆ ಗಿರಾಕಿಗಳ ಕಾರು ಬಂದು ನಿಂತಿತ್ತು.

"ಒಂದ ಮನ್ಯಾಗ ಇಬ್ಬರು ಯಜಮಾನ್ರು ಇದ್ರ ಹಿಂಗ ಆಗೂದ್ರೀ. ಸರೀರಿ, ನಾ ನೋಡ್ತೀನಿ," ಅಂದಳು ಅವಳು.

ತನ್ನದನ್ನೇ ಉಳಿಸಿಕೊಳ್ಳುತ್ತಾಳೆ ಎಂದುಕೊಂಡೆ. ಮಾಡಲಿ, ಆಮೇಲೆ ಸಾಹೇಬರ ಕಿವಿ ಊದಿದರಾಯಿತು ಎಂದು ಒಳಗೊಳಗೇ ಲೆಕ್ಕ ಹಾಕಿದೆ. ಅವಳು ಪಕ್ಕದ ಹಳೆಯ ಟರ್ಮಿನಲ್ಲಿನಿಂದ ಫೈಲು ತೆರೆದು ತನ್ನ ಸಾಲನ್ನು ಅಳಿಸಿದಳು.

"ನಿಮ್ದು ಪಕ್ಕಾ ಐತ್ರಿ. ನಂದು ನಡುನಡುವ ಕೈ ಕೊಡ್ತೈತಿ."

ಗಿರಾಕಿಗಳು ನನ್ನ ಪರದೆಯನ್ನು ಮೆಚ್ಚಿದರು. ಸಾಹೇಬರು ಬೆನ್ನು ತಟ್ಟಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳು, ಅದೂ ಮನಸಾರೆ. ಅಲ್ಲಿಯವರೆಗೆ ನನಗೆ ಅವಳ ಪರದೆಯ ಮೇಲಷ್ಟೇ ಹೊಟ್ಟೆಕಿಚ್ಚಿತ್ತು. ಬಯಸಿದ್ದೆಲ್ಲ ಕೈಗೆ ಬಂದ ಆ ಮಧ್ಯಾಹ್ನ ಅದು ಅವಳ ಮೇಲೆಯೇ ಹತ್ತಿಕೊಂಡಿತು. ಅಷ್ಟು ಸಲೀಸಾಗಿ ಬಿಟ್ಟುಕೊಡುವುದು ನನಗೆ ಬರುತ್ತಿರಲಿಲ್ಲ.